ಕೆರೆ ತುಂಬ ಡಕ್‌ವೀಡ್: ತೆಗೆಯುವುದು ಹೇಗೆ, ಮತ್ತೆ ಬಾರದಂತೆ ಏನು ಮಾಡಬೇಕು

ಮಳೆ ಬಿಟ್ಟು ಬಿಸಿಲು ಗಟ್ಟಿಯಾಗುತ್ತಿದ್ದಂತೆ ಮಂಗಳೂರು, ಉಡುಪಿ ಕಡೆಯ ತೋಟದ ಕೆರೆ, ಮದಕ, ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಗಳಲ್ಲಿ ನೀರಿನ ಮೇಲೆ ಹಸಿರು ಪದರ ಕಟ್ಟತೊಡಗುತ್ತದೆ. ಹೆಚ್ಚಾಗಿ ಅದು ಡಕ್‌ವೀಡ್, ನೀರಿನ ಮೇಲೆ ತೇಲುವ ಪುಟ್ಟ ಎಲೆಯ ಗಿಡ. ನವೆಂಬರಿನಲ್ಲಿ ಒಂದು ಮೂಲೆಯಲ್ಲಿದ್ದದ್ದು ಜನವರಿಗೆ ಕೆರೆಯಿಡೀ ಹರಡಿರುತ್ತದೆ. ಆಳು ಕರೆದು ಒಂದು ದಿನ ತೆಗೆಸಿದರೆ ಎರಡು ವಾರದಲ್ಲಿ ಮತ್ತೆ ಅಷ್ಟೇ. ಸಿಟ್ಟು ಬಂದು ಮೈಲುತುತ್ತು ಹಾಕಿದರೆ ಮೀನು ಸಾಯುತ್ತದೆ, ಡಕ್‌ವೀಡ್ ಸಾಯುವುದಿಲ್ಲ.

ಎರಡೇ ವಾರದಲ್ಲಿ ಮರಳುವುದಕ್ಕೆ ಕಾರಣ ಲೆಕ್ಕದಲ್ಲಿದೆ. ಗೊಬ್ಬರದಂಶ ಇರುವ ನಿಂತ ನೀರಿನಲ್ಲಿ ಡಕ್‌ವೀಡ್ ಎರಡರಿಂದ ನಾಲ್ಕು ದಿನಕ್ಕೆ ಇಮ್ಮಡಿಯಾಗುತ್ತದೆ. ಮೂರು ದಿನವೆಂದೇ ಇಟ್ಟುಕೊಳ್ಳಿ. ನೂರರಲ್ಲಿ ತೊಂಬತ್ತೈದು ಭಾಗ ತೆಗೆದು ಐದು ಭಾಗ ಬಿಟ್ಟರೆ ಅದು ಹತ್ತು, ಇಪ್ಪತ್ತು, ನಲವತ್ತು, ಎಂಬತ್ತು ಎಂದು ಏರಿ ಹದಿಮೂರನೇ ದಿನಕ್ಕೆ ಮೊದಲಿನಷ್ಟೇ ಆಗುತ್ತದೆ. ಒಂದೇ ಭಾಗ ಬಿಟ್ಟರೂ ಸಿಗುವುದು ಇನ್ನೊಂದು ವಾರ ಮಾತ್ರ. ಆದ್ದರಿಂದ ಮೊದಲ ದಿನದ ದೊಡ್ಡ ಕೆಲಸಕ್ಕಿಂತ ನಂತರದ ನಾಲ್ಕು ವಾರದ ಸಣ್ಣ ಕೆಲಸ ಮುಖ್ಯ. ಅದಕ್ಕಿಂತಲೂ ಮುಖ್ಯ, ಕೆರೆಗೆ ಗೊಬ್ಬರ ಬರುವ ದಾರಿ ಕಟ್ಟುವುದು.

ಇಲ್ಲಿ ಉದಾಹರಣೆಗೆ ಐದು ಸೆಂಟ್ಸಿನ, ಅಂದರೆ ಸುಮಾರು 200 ಚದರ ಮೀಟರಿನ, ಐದಡಿ ನೀರಿರುವ ಕೆರೆ ಇಟ್ಟುಕೊಂಡಿದ್ದೇವೆ. ನಿಮ್ಮ ಕೆರೆಯ ಅಳತೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲು ಯಾವ ಗಿಡವೆಂದು ನೋಡಿ

ಒಂದು ಹಿಡಿ ತೆಗೆದು ಬಿಳಿ ಬಟ್ಟಲಲ್ಲಿ ನೀರು ಹಾಕಿ ಬಿಡಿ. ಬೇರು ನೋಡಿದರೆ ಅರ್ಧ ಉತ್ತರ ಸಿಕ್ಕಿತು.

ಎರಡರಿಂದ ಐದು ಮಿಲಿಮೀಟರಿನ ಎಲೆ, ಅಡಿಯಲ್ಲಿ ಒಂದೇ ಒಂದು ಬೇರು ಇದ್ದರೆ ಲೆಮ್ನಾ. ಎಲೆ ಸ್ವಲ್ಪ ದೊಡ್ಡದು, ಮಗುಚಿದರೆ ಅಡಿ ಕಡುಕೆಂಪು, ಬೇರು ಗೊಂಚಲಾಗಿ ಇದ್ದರೆ ಸ್ಪೈರೋಡೆಲಾ. ಬೇರೇ ಇಲ್ಲದೆ, ಬೆರಳಿಗೆ ರವೆಯ ಹಾಗೆ ಅಂಟುವುದು ವುಲ್ಫಿಯಾ, ಹೂ ಬಿಡುವ ಗಿಡಗಳಲ್ಲೇ ಅತಿ ಚಿಕ್ಕದು. ಮೂರೂ ಡಕ್‌ವೀಡ್‌ಗಳೇ. ಬೇರಿನ ಉದ್ದವನ್ನೂ ನೋಡಿಕೊಳ್ಳಿ: ಬೇರು ಗಿಡ್ಡ, ಎಲೆ ಕಡುಹಸಿರು ಇದ್ದರೆ ನೀರಿನಲ್ಲಿ ಗೊಬ್ಬರ ಧಾರಾಳವಾಗಿದೆ. ಬೇರು ಉದ್ದಕ್ಕೆ ಇಳಿದು ಎಲೆ ಹಳದಿಯಾಗಿದ್ದರೆ ಅದಕ್ಕೆ ಆಹಾರ ಸಾಲುತ್ತಿಲ್ಲ, ನಿಮ್ಮ ಕೆಲಸ ಹಗುರ.

ಎಲೆ ಚೂರು ಚೂರಾಗಿ ಹೆಣೆದುಕೊಂಡು ಬಿಸಿಲಿಗೆ ಕೆಂಪಾಗುವುದು ಅಜೋಲಾ. ದನಕ್ಕೆಂದು ಹೊಂಡದಲ್ಲಿ ಬೆಳೆಸಿದ್ದು ಮಳೆಗೆ ಉಕ್ಕಿ ಕೆರೆಗೆ ಬಂದಿರುವುದೇ ಹೆಚ್ಚು. ಎಲೆಯ ಮೇಲೆ ಗಿಡ್ಡ ಕೂದಲಿದ್ದು, ನೀರಿನಲ್ಲಿ ಮುಳುಗಿಸಿ ಬಿಟ್ಟರೆ ಒದ್ದೆಯಾಗದೆ ಮೇಲೆ ಬರುವುದು ಸಾಲ್ವಿನಿಯಾ. ಕೈಯಲ್ಲಿ ಹಿಡಿದರೆ ನೂಲಿನ ಹಾಗೆ ಎಳೆ ಎಳೆಯಾಗಿ ಬರುವುದು ಮಾತ್ರ ನಿಜವಾದ ಪಾಚಿ. ಅದಕ್ಕೆ ಮಾಡುವ ಉಪಾಯ ಡಕ್‌ವೀಡ್‌ಗೆ ನಡೆಯುವುದಿಲ್ಲ.

ಇನ್ನೊಂದು ಇದೆ. ಕೆಂಪುಕಲ್ಲಿನ ನೀರಿನಲ್ಲಿ ಎಣ್ಣೆ ಚೆಲ್ಲಿದಂತೆ ಬಣ್ಣ ಬಣ್ಣದ ಪದರ ಕಾಣುತ್ತದೆ, ಪಂಪಿನ ಡೀಸೆಲ್ ಸೋರಿದೆಯೆಂದು ಗಾಬರಿಯಾಗುತ್ತಾರೆ. ಕೋಲಿನಿಂದ ಕದಡಿ ನೋಡಿ. ಚೂರು ಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣದಂಶ ತಿನ್ನುವ ಬ್ಯಾಕ್ಟೀರಿಯಾದ ಪದರ, ಏನೂ ಮಾಡಬೇಕಾಗಿಲ್ಲ. ಮತ್ತೆ ಕೂಡಿಕೊಂಡರೆ ಎಣ್ಣೆಯೇ.

ಗೊಬ್ಬರ ಬರುವ ದಾರಿ

ಹಟ್ಟಿಯ (ದನದ ಕೊಟ್ಟಿಗೆಯ) ನೀರು, ಬಚ್ಚಲ ನೀರು, ದಂಡೆಯ ಮೇಲಿನ ಬಟ್ಟೆ ಒಗೆಯುವ ಕಲ್ಲು, ಅಡಿಕೆ ಬುಡಕ್ಕೆ ಹಾಕಿದ ಗೊಬ್ಬರ, ಕೆರೆಗೆ ಬಾಗಿದ ಮರಗಳ ತರಗೆಲೆ: ಇವಿಷ್ಟರಲ್ಲಿ ಒಂದೋ ಎರಡೋ ಇದ್ದೇ ಇರುತ್ತದೆ. ಜೋರು ಮಳೆ ಬರುವಾಗ ಕೊಡೆ ಹಿಡಿದು ಕೆರೆಗೆ ಒಂದು ಸುತ್ತು ಬನ್ನಿ. ಬೇಸಗೆಯಲ್ಲಿ ಕಾಣದ ದಾರಿಯೆಲ್ಲ ಆಗ ಕಾಣುತ್ತದೆ. ಬೇಸಗೆಯಲ್ಲೇ ಹುಡುಕುವುದಾದರೆ ಗಾಳಿ ಇಲ್ಲದ ಬೆಳಗ್ಗೆ ಡಕ್‌ವೀಡ್ ಎಲ್ಲಿ ಅತಿ ದಟ್ಟ, ಎಲ್ಲಿ ಬೇರು ಅತಿ ಗಿಡ್ಡ ಎಂದು ನೋಡಿ. ಸೋರಿಕೆ ಆಸುಪಾಸಿನಲ್ಲಿರುತ್ತದೆ.

ಹಟ್ಟಿ ನೀರನ್ನು ಕೆರೆಗಿಂತ ಮೇಲಿನಿಂದಲೇ ಒಂದು ಕಣಿ ತೋಡಿ ತೋಟಕ್ಕೆ ತಿರುಗಿಸಿ. ಒಂದು ಅಡಿ ಅಗಲ, ಒಂದು ಅಡಿ ಆಳ ಸಾಕು. ಇಳಿಜಾರು ಸರಿಯಿರಬೇಕು, ಇಲ್ಲದಿದ್ದರೆ ಕಣಿಯೇ ಹೊಂಡವಾಗಿ ಸೊಳ್ಳೆ ಸಾಕುತ್ತದೆ. ಬಚ್ಚಲ ನೀರಿಗೆ ಬಾಳೆಬುಡ ಒಳ್ಳೆಯದು. ಅಡಿಕೆಗೆ ರಸಗೊಬ್ಬರ ಹಾಕುವವರು ಕೆರೆಯ ಅಂಚಿನ ಎರಡು ಸಾಲಿಗೆ ಹಾಕಬೇಡಿ. ಆ ಮರಗಳಿಗೆ ಕೆರೆಯಿಂದ ತೆಗೆದ ಡಕ್‌ವೀಡ್ ಹಾಕಿದರೆ ಆಯಿತು.

ಬೇಕಾಗುವ ಸಾಮಾನು

ಒಂದು ದೊಡ್ಡ ಜಾಲರಿ. ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಚೌಕಟ್ಟು ಮಾಡಿ. ನಾಲ್ಕು ಎಲ್ಬೋ, ಹಿಡಿಗೆ ಒಂದು ಟೀ. ಕೀಲುಗಳಿಗೆ ಸಾಲ್ವೆಂಟ್ ಹಚ್ಚಿ ನೀರು ಒಳಗೆ ಹೋಗದಂತೆ ನೋಡಿಕೊಂಡರೆ ಚೌಕಟ್ಟು ತೇಲುತ್ತದೆ, ಕೈ ಸೋಲುವುದಿಲ್ಲ. ಹಿಡಿಗೆ ಹಳೆಯ ಬಿದಿರಿನ ದೋಟಿ ಹತ್ತು ಹನ್ನೆರಡಡಿ ಕತ್ತರಿಸಿಕೊಳ್ಳಿ. ಬಲೆ ನೈಲಾನ್ ಸೊಳ್ಳೆಪರದೆಯದು, ಒಂದೂವರೆ ಅಡಿ ಜೋತು ಬೀಳುವಂತೆ ಕಟ್ಟಿ. ಲೆಮ್ನಾ, ಸ್ಪೈರೋಡೆಲಾಗಳಿಗೆ ಇದು ಸಾಕು. ವುಲ್ಫಿಯಾ ಸೊಳ್ಳೆಪರದೆಯ ಕಣ್ಣಲ್ಲಿ ನುಸುಳಿ ಹೋಗುತ್ತದೆ, ಅದಕ್ಕೆ ಹಳೆಯ ಪಂಚೆ ಅಥವಾ ತೆಳು ಹತ್ತಿ ಸೀರೆ ಕಟ್ಟಬೇಕು. ಆಗ ನೀರು ಇಳಿಯುವುದು ನಿಧಾನ, ಒಂದು ಸಲಕ್ಕೆ ಕಾಲು ಭಾಗ ಮಾತ್ರ ತುಂಬಿಸಿ.

ಇನ್ನೊಂದು, ತೇಲುವ ಬೇಲಿ. ಕೆರೆಯ ಅಗಲಕ್ಕಿಂತ ಒಂದೆರಡು ಮೀಟರ್ ಹೆಚ್ಚು ಉದ್ದದ ಹಗ್ಗಕ್ಕೆ ಎರಡೆರಡು ಅಡಿಗೆ ಒಂದರಂತೆ ಸಿಪ್ಪೆ ಸಹಿತ ಒಣ ತೆಂಗಿನಕಾಯಿ ಕಟ್ಟಿ, ಕೆಳಗೆ ಒಂದಡಿ ಇಳಿಯುವಂತೆ ಶೇಡ್‌ನೆಟ್ ಹೊಲಿದು, ನೆಟ್ಟಿನ ಅಂಚಿಗೆ ಅಲ್ಲಲ್ಲಿ ಸಣ್ಣ ಕಲ್ಲು ಕಟ್ಟಿ. ಕಾಯಿ ಬದಲು ಎರಡಿಂಚಿನ ಪೈಪಿನ ತುಂಡುಗಳಿಗೆ ಎರಡೂ ಕಡೆ ಕ್ಯಾಪ್ ಹಾಕಿಯೂ ಮಾಡಬಹುದು.

ಕೆಲಸಕ್ಕೆ ಇಳಿಯುವವರಿಗೆ ಗಂಬೂಟು, ಕೈಗವಸು ಬೇಕು. ಕಾಲಲ್ಲಿ ಗಾಯವಿದ್ದವರು ಇಳಿಯಬಾರದು. ನಮ್ಮ ಕರಾವಳಿಯಲ್ಲಿ ಇಲಿಜ್ವರ ಅಪರೂಪವಲ್ಲ, ಇಂಥ ಕೆಲಸದ ಒಂದೆರಡು ವಾರದಲ್ಲಿ ಜ್ವರ ಬಂದರೆ ಕೆರೆಗೆ ಇಳಿದಿದ್ದೆವೆಂದು ಡಾಕ್ಟರಿಗೆ ಹೇಳಿ. ಕಲ್ಲುಕೋರೆಯ ಹೊಂಡಕ್ಕಂತೂ ಇಳಿಯಲೇಬೇಡಿ. ಗೋಡೆ ನೇರ, ಮೆಟ್ಟಿಲಿಲ್ಲ, ಹಸಿರು ಮುಚ್ಚಿದಾಗ ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಅಲ್ಲಿ ಏನಿದ್ದರೂ ದಂಡೆಯಿಂದ, ಹಗ್ಗದಲ್ಲಿ.

ಗಾಳಿ ನೋಡಿ ಕೆಲಸ

ನವೆಂಬರಿನಿಂದ ಮೇವರೆಗೆ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಪಡುವಣದಿಂದ ಬೀಸುತ್ತದೆ, ಮುಂಜಾನೆ ಗಾಳಿ ನೆಲದ ಕಡೆಯಿಂದ ತಿರುಗಿರುತ್ತದೆ. ತೆರೆದ ಕೆರೆಯಾದರೆ ಸಂಜೆ ಮೂರು ನಾಲ್ಕು ಗಂಟೆಗೆ ಹೆಚ್ಚಿನ ಡಕ್‌ವೀಡ್ ತಾನಾಗಿಯೇ ಮೂಡು ದಂಡೆಗೆ ಬಂದು ಒತ್ತಿಕೊಂಡಿರುತ್ತದೆ. ಆಳುಗಳನ್ನು ಬೆಳಗ್ಗೆ ಎಂಟಕ್ಕೆ ಕರೆದು ನೀರಿಡೀ ಹರಡಿದ್ದನ್ನು ಅಟ್ಟಿಸಿಕೊಂಡು ಹೋಗುವುದು ದುಡ್ಡು ದಂಡ. ಸುತ್ತ ಅಡಿಕೆ ತೋಟವಿದ್ದು ಗಾಳಿಯೇ ಇಳಿಯದ ಕೆರೆಯಲ್ಲಿ ಬೇಲಿ ಬೇಕಾಗುತ್ತದೆ.

ಇಬ್ಬರು ಎರಡು ದಂಡೆಯಲ್ಲಿ ಬೇಲಿಯ ತುದಿ ಹಿಡಿದು ಪಡುವಣದಿಂದ ಮೂಡಣಕ್ಕೆ ಎಳೆಯಿರಿ, ತುಂಬಾ ನಿಧಾನವಾಗಿ. ಅವಸರ ಮಾಡಿದರೆ ಡಕ್‌ವೀಡ್ ಬೇಲಿಯ ಅಡಿಯಿಂದ ಮಗುಚಿ ಹಿಂದಕ್ಕೆ ಹೋಗುತ್ತದೆ. ಮೂಲೆಗೆ ಒತ್ತಿದ ಮೇಲೆ ಬೇಲಿಯನ್ನು ಎರಡು ಗೂಟಕ್ಕೆ ಬಿಗಿದು ಜಾಲರಿಯಿಂದ ಎತ್ತಿ. ಒಂದು ಪದರ ಮಾತ್ರ ಇದ್ದರೆ ಚದರ ಮೀಟರಿಗೆ ಅರ್ಧದಿಂದ ಒಂದು ಕೆಜಿ ಬರುತ್ತದೆ. ಐದು ಸೆಂಟ್ಸಿಗೆ 100ರಿಂದ 200 ಕೆಜಿ ಹಸಿ ತೂಕ. ಪದರದ ಮೇಲೆ ಪದರ ಕಟ್ಟಿದ್ದರೆ ಇಮ್ಮಡಿಗೂ ತಯಾರಿರಿ.

ಆಮೇಲೆ ಅಂಚಿನ ಕೆಲಸ, ಎಲ್ಲರೂ ಬಿಡುವ ಭಾಗ. ದಂಡೆಯ ಹುಲ್ಲಿನ ಬುಡ, ತಿಮರೆಯ (ಒಂದೆಲಗದ) ಬಳ್ಳಿ, ಮೆಟ್ಟಿಲಿನ ಕಲ್ಲಿನ ಸಂದು, ಪಂಪಿನ ಫುಟ್‌ವಾಲ್ವಿನ ಸುತ್ತ ಸಾವಿರಗಟ್ಟಲೆ ಎಲೆ ಅಂಟಿಕೊಂಡಿರುತ್ತವೆ. ದಂಡೆಯ ಹುಲ್ಲು ನೀರಿನ ಮಟ್ಟಕ್ಕೆ ಕತ್ತಿಯಿಂದ ಸವರಿ, ಪೈಪಿನ ನೀರು ಬಿಟ್ಟು ಅಥವಾ ಬಕೆಟಿನಿಂದ ಎರಚಿ ಅವನ್ನು ನಡುನೀರಿಗೆ ದೂಡಿ, ಮತ್ತೆ ಒಮ್ಮೆ ಬೇಲಿ ಎಳೆಯಿರಿ.

ಮೂರು ದಿನ ಬಿಟ್ಟು ಮತ್ತೆ ಬನ್ನಿ. ಈ ಸಲ ಒಬ್ಬರೇ ಸಾಕು, ಕಾಲು ಗಂಟೆಯ ಕೆಲಸ. ಹೀಗೆ ಮೂರು ದಿನಕ್ಕೊಮ್ಮೆ ನಾಲ್ಕು ವಾರ. ಒಂದು ವಾರ ತಪ್ಪಿದರೆ ಉಳಿದದ್ದು ನಾಲ್ಕೈದು ಪಾಲು ಆಗಿರುತ್ತದೆ, ಅಷ್ಟೇ ಸಂಗತಿ. ಉಪಯೋಗಿಸಿದ ಬಲೆ, ಬುಟ್ಟಿ, ಹಗ್ಗವನ್ನು ಎರಡು ದಿನ ಬಿಸಿಲಿಗೆ ಹಾಕದೆ ಇನ್ನೊಂದು ಕೆರೆಗೆ ಒಯ್ಯಬೇಡಿ.

ನೀರಿನ ಮೇಲ್ಮೈ ಅಲುಗುತ್ತಿದ್ದರೆ ಡಕ್‌ವೀಡ್ ಸೊರಗುತ್ತದೆ. ತೋಟಕ್ಕೆ ನೀರು ಬಿಡುವ ಹೊತ್ತಿಗೆ ಒಂದು ಸ್ಪ್ರಿಂಕ್ಲರ್ ಜೆಟ್ಟನ್ನು ಕೆರೆಯ ಮೇಲೆಯೇ ಬೀಳುವಂತೆ ಇಟ್ಟರೆ ಅಷ್ಟು ಜಾಗ ಖಾಲಿಯಿರುತ್ತದೆ, ನೀರಿಗೆ ಆಮ್ಲಜನಕವೂ ಸೇರುತ್ತದೆ.

ಎತ್ತಿದ್ದನ್ನು ಏನು ಮಾಡುವುದು

ಮೊದಲ ಅರ್ಧ ಗಂಟೆ ದಂಡೆಯಲ್ಲೇ ತೆಳ್ಳಗೆ ಹರಡಿ, ಒಳಗೆ ಸಿಕ್ಕಿದ ಮೀನಿನ ಮರಿ, ಕಪ್ಪೆಮರಿ ನೀರಿಗೆ ಹಿಂದಿರುಗಲಿ. ಆಮೇಲೆ ಅಲ್ಲಿಂದ ಸಾಗಿಸಲೇಬೇಕು. ದಂಡೆಯಲ್ಲೇ ಕೊಳೆಯಲು ಬಿಟ್ಟರೆ ಅದರ ಸಾರ ಇಳಿದು ಮತ್ತೆ ಕೆರೆಗೇ ಬರುತ್ತದೆ. ನೂರು ಕೆಜಿ ಹಸಿ ಡಕ್‌ವೀಡ್‌ನಲ್ಲಿ ಒಣ ಅಂಶ ಆರು ಕೆಜಿ ಆಸುಪಾಸು, ಅದರಲ್ಲಿರುವ ಸಾರಜನಕ ಅರ್ಧ ಕೆಜಿಗೂ ಮೇಲ್ಪಟ್ಟ ಯೂರಿಯಾದಲ್ಲಿರುವಷ್ಟು. ಕೆರೆಯಿಂದ ಗೊಬ್ಬರ ಹೊರತೆಗೆಯಲು ಇಷ್ಟು ಅಗ್ಗದ ದಾರಿ ಬೇರೆ ಇಲ್ಲ.

ಅಡಿಕೆ, ತೆಂಗು, ಬಾಳೆಯ ಬುಡಕ್ಕೆ ಎರಡಿಂಚಿಗಿಂತ ದಪ್ಪವಾಗದಂತೆ ಹರಡಿ, ಮೇಲೆ ಸೋಗೆ ಮುಚ್ಚಿ. ರಾಶಿ ಹಾಕಿದರೆ ಗಾಳಿಯಾಡದೆ ಲೋಳೆಯಾಗಿ ನಾರುತ್ತದೆ. ಗೊಬ್ಬರದ ಗುಂಡಿಗಾದರೆ ಒಂದು ಬುಟ್ಟಿ ಡಕ್‌ವೀಡ್‌ಗೆ ಎರಡು ಬುಟ್ಟಿ ಒಣ ತರಗೆಲೆ, ಪದರ ಪದರವಾಗಿ.

ಕೋಳಿ, ಬಾತು ಹಸಿಯಾಗಿಯೇ ತಿನ್ನುತ್ತವೆ. ಚೊಕ್ಕ ನೀರಿನದ್ದಾದರೆ ಕೊಡಿ. ಚರಂಡಿ ನೀರು ಸೇರುವ ಕೆರೆಯದ್ದು ಬೇಡ, ಡಕ್‌ವೀಡ್ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಇಟ್ಟುಕೊಳ್ಳುವ ಗಿಡ. ದನಕ್ಕೆ ಕೊಡುವಾಗ ಇನ್ನೊಂದು ಎಚ್ಚರ. ಕೆರೆಯಲ್ಲಿ ಬಸವನಹುಳು ಇದ್ದರೆ ಯಕೃತ್ತಿನ (ಲಿವರಿನ) ಜಂತಿನ ಮರಿಗಳು ನೀರಿನ ಗಿಡಗಳಿಗೆ ಅಂಟಿರಬಹುದು. ಗರಿಗರಿಯಾಗುವಷ್ಟು ಒಣಗಿಸಿ ಕೊಡಿ. ದಂಡೆಯ ತಿಮರೆ ಚಟ್ನಿಗೂ ಇದೇ ಮಾತು: ಹಟ್ಟಿ ನೀರು ಇಳಿಯುವ ಕಡೆಯದ್ದು ಕೊಯ್ಯಬೇಡಿ.

ಡಕ್‌ವೀಡ್ ಅಲ್ಲದಿದ್ದರೆ

ಸಾಲ್ವಿನಿಯಾ ತೆಗೆಯಲು ಕಷ್ಟ, ಆದರೆ ಪೂರ್ತಿ ತೆಗೆದರೆ ಮತ್ತೆ ಹುಟ್ಟುವ ದಾರಿಯಿಲ್ಲ. ಅದಕ್ಕೆ ಬೀಜವಿಲ್ಲ, ಮೊಳೆಯುವ ಬೀಜಕಣವೂ ಇಲ್ಲ, ತುಂಡಿನಿಂದಲೇ ಬೆಳೆಯುತ್ತದೆ. ಹಾಗಾಗಿ ಕೊಕ್ಕೆ, ಕತ್ತಿ ಹಾಕಿ ಚೂರು ಮಾಡಬೇಡಿ, ಅಂಚಿನಿಂದ ಚಾಪೆ ಸುತ್ತುವಂತೆ ಎಳೆದು ತೆಗೆಯಿರಿ. ದೊಡ್ಡ ಕೆರೆಗೆ ಕೈಕೆಲಸ ಸಾಲುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ, ಆಮೇಲೆ ಕೇರಳದ ಕಾಲುವೆಗಳಲ್ಲಿ ಸಿರ್ಟೊಬೇಗಸ್ ಎಂಬ ಮೂತಿಹುಳುವನ್ನು ಬಿಟ್ಟು ಸಾಲ್ವಿನಿಯಾವನ್ನು ಹತೋಟಿಗೆ ತಂದರು. ಅದು ಸಾಲ್ವಿನಿಯಾ ಬಿಟ್ಟು ಬೇರೆ ಬೆಳೆಗೆ ಬರುವುದಿಲ್ಲ. ಬೇಕಾದವರು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಅಂತರಗಂಗೆ ಎಂದು ಎರಡು ಗಿಡಗಳನ್ನು ಕರೆಯುತ್ತಾರೆ. ನೇರಳೆ ಹೂ ಬಿಟ್ಟು, ತೊಟ್ಟು ಉಬ್ಬಿಕೊಂಡು ತೇಲುವ ಹಯಸಿಂತ್‌ನ ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಬದುಕಿರಬಲ್ಲದು. ಆದ್ದರಿಂದ ಹೂ ಬಿಡುವ ಮೊದಲೇ ಕಿತ್ತು, ಪ್ರತಿ ವರ್ಷ ಮೊಳಕೆ ನೋಡುತ್ತಿರಬೇಕು. ಹೂವೇ ಕಾಣದ, ಮೆತ್ತನೆಯ ಎಲೆ ಸುತ್ತ ಅರಳಿದ ಪಿಸ್ಟಿಯಾ ಕೈಗೆ ಸುಲಭವಾಗಿ ಬರುತ್ತದೆ. ಅದನ್ನು ಬಿಡಬಾರದ ಕಾರಣ ಬೇರೆ: ಮ್ಯಾನ್ಸೋನಿಯಾ ಸೊಳ್ಳೆಯ ಮರಿ ಅದರ ಬೇರಿಗೆ ಕೊಳವೆ ಚುಚ್ಚಿ ಉಸಿರಾಡುತ್ತದೆ, ಮೇಲಕ್ಕೇ ಬರುವುದಿಲ್ಲ. ಹಾಗಾಗಿ ನೀರಿನ ಮೇಲೆ ಎಣ್ಣೆ ಬಿಟ್ಟರೂ ಸಾಯುವುದಿಲ್ಲ. ಕೆಲವು ಕಡೆ ಆನೆಕಾಲು ರೋಗ ಹರಡುವುದು ಈ ಸೊಳ್ಳೆಯೇ.

ನೀರೊಳಗಿನ ಹೈಡ್ರಿಲ್ಲಾವನ್ನು ಪೂರ್ತಿ ಕೀಳಬೇಡಿ. ಪಂಪಿಗೆ ಸಿಕ್ಕುವಷ್ಟು, ಮೆಟ್ಟಿಲ ಬಳಿಯಷ್ಟು ತೆಗೆದರೆ ಸಾಕು. ಡಕ್‌ವೀಡ್ ತೆಗೆದ ಕೆರೆಗೆ ಒಮ್ಮೆಲೇ ಬಿಸಿಲು ಬಿದ್ದಾಗ, ನೀರಿನಲ್ಲಿ ಉಳಿದ ಗೊಬ್ಬರವನ್ನು ಯಾರಾದರೂ ತಿನ್ನಬೇಕು. ಹೈಡ್ರಿಲ್ಲಾ, ನೈದಿಲೆ ಇಲ್ಲದಿದ್ದರೆ ಸೂಕ್ಷ್ಮ ಪಾಚಿ ಬಂದು ನೀರೇ ಹಸಿರಾಗುತ್ತದೆ, ಅದನ್ನು ಯಾವ ಬಲೆಯೂ ಹಿಡಿಯುವುದಿಲ್ಲ. ಐದು ಸೆಂಟ್ಸಿನ ಕೆರೆಗೆ ಆರೆಂಟು ನೈದಿಲೆ ಗಡ್ಡೆ, ಹಳೆ ಬುಟ್ಟಿಯಲ್ಲಿ ಜೇಡಿ ಮಣ್ಣು ತುಂಬಿ ಒಂದೂವರೆ ಎರಡಡಿ ನೀರಿರುವಲ್ಲಿ ಇಡಿ. ಎಲೆ ಕೆರೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಮುಚ್ಚಿದರೆ ಸವರಿ. ತಾವರೆಯನ್ನು ಮಾತ್ರ ನೇರ ಕೆಸರಿಗೆ ನೆಡಬೇಡಿ, ಸಿಮೆಂಟ್ ರಿಂಗಿನೊಳಗೆ ಇರಲಿ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಕೆರೆ ತಾವರೆಯದಾಗುತ್ತದೆ.

ಹುಲ್ಲುಗೆಂಡೆ ಬಿಡುವುದಿದ್ದರೆ

ಹುಲ್ಲುಗೆಂಡೆ (ಗ್ರಾಸ್ ಕಾರ್ಪ್ ಮೀನು) ಡಕ್‌ವೀಡ್, ಅಜೋಲಾ, ಹೈಡ್ರಿಲ್ಲಾ ಚೆನ್ನಾಗಿ ತಿನ್ನುತ್ತದೆ. ಹಯಸಿಂತ್, ಪಿಸ್ಟಿಯಾ ಅದಕ್ಕೆ ಸೇರುವುದಿಲ್ಲ. ಸೆಂಟ್ಸಿಗೆ ಒಂದರಂತೆ, ಗೇಣುದ್ದದ ಮರಿ ಬಿಡಿ. ಮರಿ ತಿನ್ನುವ ಮುಗುಡು ಮೀನು ಇರುವ ಕೆರೆಯಲ್ಲಿ ಬೆರಳುದ್ದದ ಮರಿ ಉಳಿಯುವುದಿಲ್ಲ. ಆದರೆ ಕೆರೆ ಮುಚ್ಚಿರುವಾಗ ಮೀನು ಬಿಟ್ಟು ಕಾಯುವುದು ವ್ಯರ್ಥ, ಅದು ತಿನ್ನುವುದಕ್ಕಿಂತ ಬೇಗ ಡಕ್‌ವೀಡ್ ಬೆಳೆಯುತ್ತದೆ. ಕೈಯಿಂದ ತೆಗೆದ ಮೇಲೆ ಉಳಿದದ್ದನ್ನು ಹದ್ದಿನಲ್ಲಿಡಲು ಮಾತ್ರ ಅದು ಆಗುತ್ತದೆ. ತಿಂದದ್ದರ ಹೆಚ್ಚಿನ ಭಾಗ ಹಿಕ್ಕೆಯಾಗಿ ನೀರಿಗೇ ಬೀಳುವುದರಿಂದ ಗೊಬ್ಬರದ ಲೆಕ್ಕವೂ ಕೆಳಗಿಳಿಯುವುದಿಲ್ಲ. ನೈದಿಲೆಯ ಚಿಗುರನ್ನೂ ಅದು ಬಿಡದು.

ಹಾಕಬಾರದ್ದು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುವ ಊರಿನಲ್ಲಿ ಮೈಲುತುತ್ತು ಎಲ್ಲರ ಮನೆಯಲ್ಲೂ ಇದೆ, ಅದೇ ಕೈಗೆ ಬರುತ್ತದೆ. ಅದರಲ್ಲಿ ಕಾಲು ಭಾಗ ತಾಮ್ರ. ನಮ್ಮ ಉದಾಹರಣೆಯ ಕೆರೆಯಲ್ಲಿ ಸುಮಾರು ಮೂರು ಲಕ್ಷ ಲೀಟರ್ ನೀರು. ಒಂದು ಕೆಜಿ ಹಾಕಿದರೆ ಲೀಟರಿಗೆ 0.8 ಮಿಲಿಗ್ರಾಂ ತಾಮ್ರ. ಸುಣ್ಣದಂಶ ಕಡಿಮೆಯಿರುವ ನಮ್ಮ ಕೆಂಪುಕಲ್ಲಿನ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು, ಮೀನು ಸಾಯಲು ಅಷ್ಟು ಸಾಕು. ಬೋರ್ಡೋ ಕಲಸಿದ ಡ್ರಮ್, ಪಂಪನ್ನು ಕೆರೆಯಲ್ಲಿ ತೊಳೆಯುವುದೂ ಬೇಡ.

ಕಳೆನಾಶಕವೂ ಬೇಡ. ಕೆಂಪುಕಲ್ಲಿನಲ್ಲಿ ನೀರು ಸರಾಗ ಇಳಿಯುತ್ತದೆ, ಕೆರೆಯ ನೀರು ಪಕ್ಕದ ಬಾವಿಯ ನೀರೂ ಹೌದು. ಸತ್ತ ಗಿಡವೆಲ್ಲ ಒಟ್ಟಿಗೆ ಕೊಳೆತಾಗ ಆಮ್ಲಜನಕ ಮುಗಿಯುತ್ತದೆ. ಮುಂಜಾನೆ ಮೀನುಗಳು ಬಾಯಿ ಮೇಲೆತ್ತಿ ಗುಟುಕುತ್ತಿದ್ದರೆ ಅದೇ ಲಕ್ಷಣ, ಮೋಡ ಮುಸುಕಿದ ದಿನಗಳಲ್ಲಿ ಹೆಚ್ಚು. ತಡಮಾಡದೆ ಪಂಪ್ ಹಾಕಿ ಕೆರೆಯ ನೀರನ್ನೇ ಕೆರೆಗೆ ಎತ್ತರದಿಂದ ಚಿಮ್ಮಿಸಿ, ಬಿಸಿಲೇರುವವರೆಗೆ ನಿಲ್ಲಿಸಬೇಡಿ.

ಮಳೆಗಾಲಕ್ಕೆ ಮೊದಲು

ಜೂನಿನಲ್ಲಿ ಕೆರೆ ತುಂಬಿ ಕೋಡಿ ಹರಿದಾಗ ಡಕ್‌ವೀಡ್ ತೋಡಿಗೆ, ತೋಡಿನಿಂದ ಕೆಳಗಿನವರ ಗದ್ದೆಗೆ, ಮದಕಕ್ಕೆ ಹೋಗುತ್ತದೆ. ಅದನ್ನು ತಡೆಯಲೆಂದು ಕೋಡಿಯ ಬಾಯಿಗೇ ಸಣ್ಣ ಕಣ್ಣಿನ ಬಲೆ ಬಿಗಿಯುವವರಿದ್ದಾರೆ. ಒಂದೇ ರಾತ್ರಿಯ ಮಳೆಗೆ ಬಲೆ ಕಟ್ಟಿಕೊಂಡು, ನೀರು ದಂಡೆಯ ಮೇಲಿನಿಂದ ಹರಿದು, ದಂಡೆಯೇ ಕುಸಿಯುತ್ತದೆ. ಬಲೆಯ ಬದಲು ತೇಲುವ ಬೇಲಿಯನ್ನು ಕೋಡಿಯಿಂದ ಎರಡು ಮೂರು ಮೀಟರ್ ಒಳಗೆ ಬಿಲ್ಲಿನಂತೆ ಕಟ್ಟಿ. ನೀರು ಬೇಲಿಯ ಅಡಿಯಿಂದ ಹೋಗುತ್ತದೆ, ಹೆಚ್ಚಿನ ಗಿಡ ಮೇಲೆ ನಿಲ್ಲುತ್ತದೆ. ಹುಲ್ಲುಗೆಂಡೆ ಬಿಟ್ಟಿದ್ದರೆ ಕೋಡಿಗೆ ಒಂದಿಂಚು ಸಂದಿನ ಸಲಾಕೆಯ ತಟ್ಟಿ ಇರಲಿ, ಮಳೆ ಜೋರಾದಾಗ ದಿನಕ್ಕೊಮ್ಮೆ ಕಸ ತೆಗೆಯಿರಿ.

ಹೊರಗಿನ ಗೊಬ್ಬರವೆಲ್ಲ ನಿಂತ ಮೇಲೂ ಅಕ್ಟೋಬರಿನಲ್ಲಿ ಅಷ್ಟೇ ದಟ್ಟವಾಗಿ ಮರಳಿದರೆ ಗೊಬ್ಬರ ಹೂಳಿನಲ್ಲಿದೆ. ಏಪ್ರಿಲ್‌ನಲ್ಲಿ ನೀರು ತಗ್ಗಿದಾಗ ಕೋಲು ಇಳಿಸಿ ನೋಡಿ, ಮೆತ್ತನೆಯ ಕರಿ ಕೆಸರು ಒಂದಡಿಗಿಂತ ಹೆಚ್ಚಿದ್ದರೆ ತೆಗೆಸಬೇಕು. ಐದು ಸೆಂಟ್ಸಿಗೆ ಒಂದಡಿಯೆಂದರೆ ಸುಮಾರು 60 ಘನ ಮೀಟರ್, ಅದನ್ನು ಹಾಕಲು ಜಾಗ ಮೊದಲೇ ನೋಡಿಟ್ಟುಕೊಳ್ಳಿ. ಪತ್ತನಾಜೆಯೊಳಗೆ (ಮೇ ಕೊನೆಯ ವಾರದೊಳಗೆ) ಕೆಲಸ ಮುಗಿದು ಹೂಳು ತೋಟ ಸೇರಿರಬೇಕು, ದಂಡೆಯ ಮೇಲೆ ಉಳಿದರೆ ಮೊದಲ ಮಳೆಗೇ ವಾಪಸು ಬರುತ್ತದೆ. ಜೆಸಿಬಿಯವರಿಗೆ ಕರಿ ಕೆಸರು ಮುಗಿದು ಅಂಟು ಜೇಡಿ ಸಿಕ್ಕಿದ ಕೂಡಲೇ ನಿಲ್ಲಿಸಲು ಹೇಳಿ, ಎದುರು ನಿಂತು ನೋಡಿಕೊಳ್ಳಿ. ಆ ಜೇಡಿ ಪದರ ಕಿತ್ತರೆ ಕೆಳಗಿನ ಕೆಂಪುಕಲ್ಲು ನೀರು ನಿಲ್ಲಿಸುವುದಿಲ್ಲ, ಡಿಸೆಂಬರಿಗೇ ಕೆರೆ ಖಾಲಿ.